ಕ್ಲೈಂಬಿಂಗ್‌ಗೆ ಕಣ್ಣಿನ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆ ಹತ್ತುವವರು ಬೆರಳಿಗೆ, ತೋಳಿಗೆ, ಹೊಟ್ಟೆಯ ಸ್ನಾಯುಗಳಿಗೆ ಗಂಟೆಗಟ್ಟಲೆ ಕಸರತ್ತು ಮಾಡುತ್ತಾರೆ. ನೋಡುವುದನ್ನು ಕಲಿಯಲು ಹತ್ತು ನಿಮಿಷ ಕೊಡುವವರು ಕಡಿಮೆ. ಈ ವಿಷಯದಲ್ಲಿ ಹೊಸಬರೂ ಹಳಬರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಣ್ಣಿನ ತರಬೇತಿ ಅಂದರೆ ಕಣ್ಣಿಗೆ ಮಾಡುವ ವ್ಯಾಯಾಮವಾ?

ಅಲ್ಲ. ಕಣ್ಣುಗುಡ್ಡೆ ತಿರುಗಿಸುವುದು, ಪೆನ್ಸಿಲ್ ಹತ್ತಿರ ತಂದು ದೂರ ಒಯ್ಯುವುದು, ಇವು ಇಲ್ಲಿ ಬರುವುದಿಲ್ಲ. ಇಲ್ಲಿ ಮೂರು ಕೆಲಸಗಳಿವೆ. ನೆಲದ ಮೇಲೆ ನಿಂತು ರೂಟ್, ಅಂದರೆ ಹತ್ತುವ ದಾರಿಯನ್ನು, ಓದುವುದು. ಹತ್ತುವಾಗ ಕಣ್ಣನ್ನು ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಇಡುವುದು. ಕಣ್ಣು ಮುಚ್ಚಿಕೊಂಡು ಇಡೀ ರೂಟನ್ನು ಮನಸ್ಸಿನಲ್ಲಿ ಹತ್ತುವುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲಾ ಉತ್ತರಗಳೂ ಇದರ ಮೇಲೇ ನಿಂತಿವೆ. ಸುಮ್ನೆ ನೋಡಿದರೆ ತರಬೇತಿ ಆಗುವುದಿಲ್ಲ. ಹತ್ತುವ ಮೊದಲು ‘ಇಲ್ಲಿ ಹೀಗಾಗುತ್ತದೆ’ ಅಂತ ಊಹಿಸಬೇಕು. ಹತ್ತಿ ಇಳಿದ ಮೇಲೆ ಆ ಊಹೆಯನ್ನು ತಾಳೆ ನೋಡಬೇಕು. ಎಲ್ಲಿ ತಪ್ಪಿತೋ ಅಲ್ಲಿ ಕಣ್ಣು ಕಲಿಯುತ್ತದೆ.

ಬಲ ಇದ್ದರೆ ಸಾಕಲ್ವಾ? ಇಷ್ಟೆಲ್ಲಾ ಯಾಕೆ?

ಬಲ ಬೇಕೇ ಬೇಕು. ಆದರೆ ಗೋಡೆಯ ಮೇಲೆ ತೂಗಾಡುತ್ತಾ ಮುಂದಿನ ಹೋಲ್ಡ್ (ಕೈ ಹಿಡಿಯುವ, ಕಾಲಿಡುವ ಉಬ್ಬು) ಹುಡುಕುವ ಪ್ರತಿ ಸೆಕೆಂಡೂ ಮುಂಗೈಯ ಶಕ್ತಿಯನ್ನೇ ತಿನ್ನುತ್ತದೆ. ಹೋಲ್ಡನ್ನು ಬಿಗಿಯಾಗಿ ಹಿಡಿದಿದ್ದಾಗ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತುತ್ತದೆ. ರಕ್ತದ ಓಡಾಟ ಕಡಿಮೆಯಾಗಿ ಮುಂಗೈ ಕಲ್ಲಿನಂತಾಗುತ್ತದೆ. ತೋಳು ಸೋತು ಬಿದ್ದೆ ಅನ್ನುವವರನ್ನು ವಿಡಿಯೋದಲ್ಲಿ ಗಮನಿಸಿ. ಬಹಳ ಸಲ ಅವರು ಬೀಳುವ ಮೊದಲು ಒಂದೇ ಜಾಗದಲ್ಲಿ ಹತ್ತು ಸೆಕೆಂಡು ಅತ್ತಿತ್ತ ನೋಡುತ್ತಾ ನಿಂತಿರುತ್ತಾರೆ.

ರೂಟನ್ನು ಕೆಳಗಿನಿಂದ ಓದುವುದು ಹೇಗೆ?

ಮೊದಲು ದೂರ ಹೋಗಿ. ಗೋಡೆಗೆ ಮೂಗು ತಾಗಿಸಿ ನಿಂತರೆ ಮೊದಲ ನಾಲ್ಕು ಹೋಲ್ಡ್ ಬಿಟ್ಟು ಬೇರೇನೂ ಸರಿಯಾಗಿ ಕಾಣುವುದಿಲ್ಲ. ಹಿಂದೆ ನಿಂತು ರೂಟ್ ಎತ್ತ ತಿರುಗುತ್ತದೆ, ಗೋಡೆ ಎಲ್ಲಿ ಮುಂದಕ್ಕೆ ಬಾಗುತ್ತದೆ, ಎಲ್ಲಿ ಕೈ ಜಾಡಿಸಿ ಸುಧಾರಿಸಿಕೊಳ್ಳಬಹುದು ಅಂತ ನೋಡಿ. ಕಷ್ಟದ ಭಾಗ, ಅಂದರೆ ಕ್ರಕ್ಸ್, ಎಲ್ಲಿರಬಹುದು ಅಂತ ಒಂದು ಅಂದಾಜು ಮಾಡಿಕೊಳ್ಳಿ.

ಆಮೇಲೆ ಹತ್ತಿರ ಬನ್ನಿ. ಈಗ ಪ್ರತಿ ಹೋಲ್ಡಿನ ಮುಖ ನೋಡಬೇಕು. ಒಳ್ಳೆಯ ಅಂಚು ಮೇಲಕ್ಕಿದ್ದರೆ ನೇರ ಎಳೆಯಬಹುದು. ಎಡಕ್ಕಿದ್ದರೆ ದೇಹ ಬಲಕ್ಕೆ ವಾಲಬೇಕು. ಕೆಳಕ್ಕಿದ್ದರೆ ಕಾಲು ಮೇಲೆ ತಂದ ಮೇಲೆಯೇ ಅದು ಕೆಲಸಕ್ಕೆ ಬರುತ್ತದೆ. ಅಂದರೆ ಹೋಲ್ಡಿನ ಮುಖ ನೋಡಿದರೆ ಆ ಕ್ಷಣದಲ್ಲಿ ನಿಮ್ಮ ಸೊಂಟ ಎಲ್ಲಿರಬೇಕು ಅನ್ನುವುದು ತಿಳಿಯುತ್ತದೆ. ಓದುವುದರ ಸಾರ ಇದೇ ಅಂತ ನನಗೆ ಅನ್ನಿಸುತ್ತದೆ. ಹೊಸಬರು ‘ಈ ಹೋಲ್ಡ್, ಆಮೇಲೆ ಆ ಹೋಲ್ಡ್’ ಅಂತ ಓದುತ್ತಾರೆ. ಪಳಗಿದವರು ಎರಡು ಹೋಲ್ಡುಗಳ ನಡುವೆ ದೇಹ ಹೇಗೆ ಸರಿಯುತ್ತದೆ ಅಂತ ಓದುತ್ತಾರೆ.

ಪಕ್ಕಕ್ಕೂ ಹೋಗಿ ನೋಡಿ. ಮುಂದಿನಿಂದ ದೊಡ್ಡದಾಗಿ ಕಂಡ ಹೋಲ್ಡ್ ಪಕ್ಕದಿಂದ ನೋಡಿದಾಗ ಇಳಿಜಾರಾಗಿ ಕೈ ಜಾರಿಸುವಂತಿರಬಹುದು. ವಾಲ್ಯೂಮ್‌ಗಳ, ಅಂದರೆ ಗೋಡೆಗೆ ಕೂರಿಸಿದ ದೊಡ್ಡ ಉಬ್ಬು ಆಕಾರಗಳ, ಹಿಂದೆ ಒಂದು ಸಣ್ಣ ಹೋಲ್ಡ್ ಅಡಗಿರಬಹುದು. ಕೈ ಜಾರದಿರಲಿ ಅಂತ ಹಚ್ಚಿಕೊಳ್ಳುವ ಬಿಳಿ ಪುಡಿಯ, ಅಂದರೆ ಚಾಕ್‌ನ, ಗುರುತೂ ಮಾತಾಡುತ್ತದೆ. ಹೋಲ್ಡಿನ ಒಂದು ಬದಿಯಲ್ಲಿ ಹೆಬ್ಬೆರಳಿನ ಬಿಳಿ ಗುರುತಿದ್ದರೆ ಜನ ಅದನ್ನು ಚಿವುಟಿ ಹಿಡಿದಿದ್ದಾರೆ. ಗೋಡೆಯ ಮೇಲೆ ಕಪ್ಪು ರಬ್ಬರ್ ಗೆರೆ ಇದ್ದರೆ ಅಲ್ಲಿ ಶೂ ಒತ್ತಿದ್ದಾರೆ.

ಕೊನೆಗೆ ಕೈಗಳನ್ನು ಗಾಳಿಯಲ್ಲಿ ಆಡಿಸಿ. ‘ಬಲಗೈ, ಎಡಗೈ, ಕಾಲು ಮೇಲೆ, ಬಲಗೈ’ ಅಂತ ಮೆಲ್ಲಗೆ ಬಾಯಲ್ಲೂ ಹೇಳಿಕೊಳ್ಳಿ. ಒಂದು ಹೋಲ್ಡಿಗೆ ಯಾವ ಕೈ ಬರಬೇಕು ಅಂತ ಗೊತ್ತಾಗದಿದ್ದರೆ ಮೇಲಿನಿಂದ ಕೆಳಕ್ಕೆ ಓದಿ. ಮೇಲಿನ ಹೋಲ್ಡ್ ಖಂಡಿತ ಬಲಗೈಯದ್ದು ಅಂತಿದ್ದರೆ, ಅದರ ಕೆಳಗಿನದಕ್ಕೆ ಎಡಗೈ ಬಂದಿರಬೇಕು, ಇಲ್ಲವೇ ಅಲ್ಲೆಲ್ಲೋ ಕೈ ಬದಲಿಸಬೇಕು. ಹಗ್ಗದ ರೂಟ್ ಆದರೆ ಯಾವ ಹೋಲ್ಡಿನಿಂದ ಕ್ಲಿಪ್ ಮಾಡುತ್ತೀರಿ, ಅಂದರೆ ಹಗ್ಗವನ್ನು ಗೋಡೆಯ ಕೊಂಡಿಗೆ ಸಿಕ್ಕಿಸುತ್ತೀರಿ, ಅನ್ನುವುದನ್ನೂ ನೆಲದಲ್ಲೇ ತೀರ್ಮಾನಿಸಿ.

ಕಾಲಿಡುವ ಹೋಲ್ಡುಗಳು ಓದುವಾಗ ಬಿಟ್ಟೇ ಹೋಗುತ್ತವೆ. ಏನು ಮಾಡಲಿ?

ಇದು ಎಲ್ಲರ ಕಥೆ. ಒಂದು ತಿಂಗಳು ರೂಟನ್ನು ಎರಡು ಸಲ ಓದಿ: ಮೊದಲು ಬರೀ ಕಾಲು, ಆಮೇಲೆ ಕೈ. ನನ್ನ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ ತಪ್ಪು ಒಂದೇ, ಎಡಗಡೆಯ ಎತ್ತರದ ಕಾಲು ಕಾಣದೆ ಹೋಗುವುದು. ಬರೆದಿಡದಿದ್ದರೆ ಅದು ನನಗೆ ತಿಳಿಯುತ್ತಲೇ ಇರಲಿಲ್ಲ.

ಓದಿದ್ದೆಲ್ಲಾ ಗೋಡೆ ಹತ್ತಿದ ತಕ್ಷಣ ಮರೆತುಹೋಗುತ್ತದೆ. ನನ್ನ ಜ್ಞಾಪಕಶಕ್ತಿ ಕಡಿಮೆಯಾ?

ಜ್ಞಾಪಕಶಕ್ತಿಯ ದೋಷ ಇರಲಾರದು. 2010ರಲ್ಲಿ ಪ್ರಕಟವಾದ ಇಟಲಿಯ ಸಂಶೋಧಕರ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಪಳಗಿದವರಿಗೂ ಹೊಸಬರಿಗೂ ಮೂರು ರೂಟ್ ತೋರಿಸಿದರು. ಒಂದು ಸುಲಭ, ಒಂದು ಕಷ್ಟ, ಇನ್ನೊಂದು ಹತ್ತಲು ಸಾಧ್ಯವೇ ಇಲ್ಲದ್ದು. ಆಮೇಲೆ ಹೋಲ್ಡುಗಳ ಜಾಗ ನೆನಪಿಸಿಕೊಳ್ಳಲು ಹೇಳಿದರು. ಸುಲಭದ್ದರಲ್ಲೂ ಅಸಾಧ್ಯದ್ದರಲ್ಲೂ ಇಬ್ಬರಿಗೂ ಅಂಥ ವ್ಯತ್ಯಾಸವಿರಲಿಲ್ಲ. ಕಷ್ಟದ ರೂಟಿನಲ್ಲಿ ಮಾತ್ರ ಪಳಗಿದವರು ಮುಂದಿದ್ದರು. ಯಾಕೆಂದರೆ ಅದನ್ನು ಅವರು ಮನಸ್ಸಿನಲ್ಲೇ ಹತ್ತಬಲ್ಲವರಾಗಿದ್ದರು, ಹೊಸಬರಿಗೆ ಅದು ಆಗುತ್ತಿರಲಿಲ್ಲ. ದೇಹಕ್ಕೆ ಅರ್ಥವಾದದ್ದು ನೆನಪಿನಲ್ಲಿ ನಿಲ್ಲುತ್ತದೆ. ಬರೀ ಚುಕ್ಕೆಗಳಂತೆ ನೋಡಿದ್ದು ಜಾರಿಹೋಗುತ್ತದೆ.

ಅದಕ್ಕೇ ಹೋಲ್ಡುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ. ಮೂರು ನಾಲ್ಕು ಚಲನೆಗಳನ್ನು ಸೇರಿಸಿ ಒಂದು ತುಂಡು ಮಾಡಿ, ಅದಕ್ಕೊಂದು ಹೆಸರಿಡಿ. ‘ಏಣಿ’, ‘ಮೂಲೆ ತಿರುವು’, ‘ಜಿಗಿತ’, ಹೀಗೆ. ಮೂವತ್ತು ಹೋಲ್ಡಿನ ರೂಟ್ ಏಳೆಂಟು ತುಂಡಾಗುತ್ತದೆ.

ಅಭ್ಯಾಸಕ್ಕೆ ಒಂದು ಆಟ: ಎರಡು ನಿಮಿಷ ರೂಟ್ ನೋಡಿ. ಬೆನ್ನು ತಿರುಗಿಸಿ ಹಾಳೆಯ ಮೇಲೆ ಬರೆಯಿರಿ. ಯಾವ ಹೋಲ್ಡಿಗೆ ಯಾವ ಕೈ ಅನ್ನುವುದೂ ಇರಲಿ. ತಿರುಗಿ ತಾಳೆ ನೋಡಿ. ಎಲ್‌ಇಡಿ ದೀಪಗಳಿರುವ ಟ್ರೈನಿಂಗ್ ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು. ದೀಪ ಹಚ್ಚಿ ಪ್ರಾಬ್ಲಂ (ಗಿಡ್ಡ ರೂಟ್) ಓದಿ, ದೀಪ ಆರಿಸಿ, ನೆನಪಿನಿಂದಲೇ ಹತ್ತಿ.

ಎಷ್ಟು ಹೊತ್ತು ನೋಡಬೇಕು?

ಅಂತರರಾಷ್ಟ್ರೀಯ ಲೀಡ್ ಸ್ಪರ್ಧೆಯ (ಹತ್ತುತ್ತಾ ಹಗ್ಗವನ್ನು ತಾವೇ ಕೊಂಡಿಗಳಿಗೆ ಸಿಕ್ಕಿಸುತ್ತಾ ಹೋಗುವ ಬಗೆ) ಫೈನಲ್‌ನಲ್ಲಿ ಎಲ್ಲರಿಗೂ ಸೇರಿ 6 ನಿಮಿಷದ ವೀಕ್ಷಣೆ ಕೊಡುತ್ತಾರೆ. ಹತ್ತಲೂ 6 ನಿಮಿಷವೇ. ನೋಡುವುದಕ್ಕೆ ಎಷ್ಟು ಬೆಲೆ ಇದೆ ಅಂತ ಇದರಿಂದಲೇ ತಿಳಿಯುತ್ತದೆ. ನಿಮ್ಮ ಅಭ್ಯಾಸಕ್ಕೆ ಹಗ್ಗವಿಲ್ಲದೆ ಹತ್ತುವ ಗಿಡ್ಡ ಬೌಲ್ಡರ್ ಪ್ರಾಬ್ಲಂಗೆ ಒಂದೆರಡು ನಿಮಿಷ, ಹಗ್ಗದ ರೂಟಿಗೆ ನಾಲ್ಕರಿಂದ ಆರು ನಿಮಿಷ ಸಾಕು.

ಓದಿದರೆ ಗ್ರೇಡ್ (ಹತ್ತಬಲ್ಲ ರೂಟಿನ ಕಷ್ಟದ ಮಟ್ಟ) ಏರುತ್ತದೆ ಅಂತ ಗ್ಯಾರಂಟಿ ಇದೆಯಾ?

ಇಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. 2012ರ ಒಂದು ಅಧ್ಯಯನದಲ್ಲಿ ಮೊದಲೇ ರೂಟ್ ನೋಡಿದವರು, ನೋಡದವರಿಗಿಂತ ಜಾಸ್ತಿ ಸಲ ತುದಿ ಮುಟ್ಟಲಿಲ್ಲ. ಆದರೆ ಅವರು ನಡುವೆ ನಿಲ್ಲುವುದು ಕಡಿಮೆಯಾಯಿತು, ನಿಂತರೂ ಕಡಿಮೆ ಹೊತ್ತು ನಿಂತರು. ಅಂದರೆ ಹತ್ತುವುದು ಸರಾಗವಾಯಿತು. ನಿಮ್ಮ ಮಿತಿಯ ಅಂಚಿನಲ್ಲಿರುವ ಉದ್ದದ ರೂಟಿನಲ್ಲಿ ಈ ಉಳಿತಾಯ ದೊಡ್ಡದಾಗಬಹುದು. ಬೆರಳಿಗೆ ಆಗದ ಹೋಲ್ಡನ್ನು ಮಾತ್ರ ಯಾವ ಕಣ್ಣೂ ಹಿಡಿಸಲಾರದು.

ಹತ್ತುವಾಗ ಕಣ್ಣು ಎಲ್ಲಿರಬೇಕು?

ಕೈ ಚಾಚಿ ಹೆಬ್ಬೆರಳು ಎತ್ತಿ. ಅದರ ಅಗಲ ಸುಮಾರು 2 ಡಿಗ್ರಿ. ನಮ್ಮ ಕಣ್ಣು ತೀರಾ ಸ್ಪಷ್ಟವಾಗಿ ನೋಡುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ಉಳಿದದ್ದೆಲ್ಲಾ ಮಸುಕು. ಆದ್ದರಿಂದ ‘ಕಾಲಿನ ಕಡೆ ನೋಡಿದೆ’ ಅಂದರೆ ಸಾಲದು. ಶೂವಿನ ತುದಿ ಹೋಲ್ಡಿನ ಯಾವ ಬಿಂದುವಿನ ಮೇಲೆ ಕೂರಬೇಕೋ ಆ ಬಿಂದುವನ್ನೇ ನೋಡಬೇಕು.

ಸಾಮಾನ್ಯವಾಗಿ ನಡೆಯುವ ತಪ್ಪು ಇದು: ಕಾಲು ಹೋಲ್ಡಿನ ಹತ್ತಿರ ಬರುತ್ತಿದ್ದಂತೆ ಕಣ್ಣು ಆಗಲೇ ಮೇಲಿನ ಕೈ ಹೋಲ್ಡಿಗೆ ಹಾರಿರುತ್ತದೆ. ಕೊನೆಯ ಐದು ಸೆಂಟಿಮೀಟರನ್ನು ಕಾಲು ಕುರುಡಾಗಿ ದಾಟುತ್ತದೆ. ಗೋಡೆಗೆ ತಾಗುತ್ತದೆ, ಜಾರುತ್ತದೆ, ಮತ್ತೆ ಸರಿಪಡಿಸಿಕೊಳ್ಳಬೇಕಾಗುತ್ತದೆ. ಶೂ ಕೂತು ಭಾರ ಬೀಳುವ ತನಕ ಕಣ್ಣು ಕದಲಬಾರದು. ಸದ್ದಿಲ್ಲದೆ ಕಾಲಿಡುವ ಅಭ್ಯಾಸ ಇದಕ್ಕೆ ಬಹಳ ಒಳ್ಳೆಯದು. ಸುಲಭದ ಗೋಡೆಯಲ್ಲಿ ಹತ್ತು ನಿಮಿಷ ಹತ್ತಿ. ಶೂ ಸದ್ದು ಮಾಡಿದರೆ ಆ ಹೆಜ್ಜೆ ಮತ್ತೆ ಇಡಿ. ಕಣ್ಣು ಎಲ್ಲಿ ಬೇಗ ಓಡಿತು ಅಂತ ಕಿವಿ ಹೇಳುತ್ತದೆ.

ಜಿಗಿದು ಹಿಡಿಯುವಾಗಲೂ ಇದೇ ಮಾತು. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ 1990ರ ದಶಕದಲ್ಲಿ ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಎಸೆಯುವವರ ಕಣ್ಣನ್ನು ಅಳೆದರು. ಚಲನೆ ಶುರುವಾಗುವ ಮೊದಲು ನುರಿತ ಆಟಗಾರರ ನೋಟ ಗುರಿಯ ಮೇಲೆ ಹೆಚ್ಚು ಹೊತ್ತು ಅಲುಗದೆ ನಿಲ್ಲುತ್ತದೆ ಅಂತ ಕಂಡುಕೊಂಡರು. ಇದಕ್ಕೆ ‘ಕ್ವಯಟ್ ಐ’ ಅನ್ನುತ್ತಾರೆ, ನಾವು ‘ನಿಂತ ನೋಟ’ ಅನ್ನಬಹುದು. ಜಿಗಿಯುವ ಮೊದಲು ಇಡೀ ಹೋಲ್ಡನ್ನು ನೋಡದೆ, ಬೆರಳು ಬೀಳಬೇಕಾದ ಜಾಗವನ್ನಷ್ಟೇ ಒಂದು ಉಸಿರಿನಷ್ಟು ಹೊತ್ತು ನೋಡಿ. ಆಮೇಲೆ ಹಾರಿ.

ಹೆದರಿಕೆಯಾದಾಗ ಎದುರಿಗಿರುವ ಹೋಲ್ಡೇ ಕಾಣುವುದಿಲ್ಲ. ಯಾಕೆ?

ಹೆದರಿಕೆ ಕಣ್ಣಿನ ಕೆಲಸವನ್ನೇ ಬದಲಿಸುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು ಒಂದೇ ರೀತಿಯ ಅಡ್ಡ ರೂಟನ್ನು ನೆಲದ ಹತ್ತಿರ ಒಂದು, ಎತ್ತರದಲ್ಲಿ ಒಂದು ಮಾಡಿ, ಹೊಸಬರನ್ನು ಅದರಲ್ಲಿ ಸಾಗಿಸಿದರು. 2008ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎತ್ತರಕ್ಕೆ ಹೋದವರು ನಿಧಾನವಾದರು. ನೋಟ ಒಂದೊಂದು ಕಡೆ ಜಾಸ್ತಿ ಹೊತ್ತು ಅಂಟಿಕೊಂಡಿತು, ಹುಡುಕಾಟದ ವೇಗ ಇಳಿಯಿತು. ಇದೇ ಗುಂಪಿನ ಇನ್ನೊಂದು ಕೆಲಸದಲ್ಲಿ, ಆತಂಕದಲ್ಲಿದ್ದವರು ‘ನನ್ನ ಕೈ ಎಟುಕುವುದು ಇಷ್ಟೇ’ ಅಂತ ಕಡಿಮೆ ಅಂದಾಜು ಮಾಡಿದ್ದೂ ಕಂಡಿತು. ಹಾಗಾಗಿ ‘ಅದು ದೂರ’ ಅಂತ ಮೇಲೆ ಅನ್ನಿಸಿದರೆ, ಆ ಮಾತನ್ನು ಪೂರ್ತಿ ನಂಬಬೇಡಿ. ನೆಲದಲ್ಲಿ ನಿಂತಾಗ ಮಾಡಿದ ಅಂದಾಜಿಗೆ ಬೆಲೆ ಕೊಡಿ.

ಮೇಲೆ ಸಿಕ್ಕಿಕೊಂಡಾಗ ಮೊದಲು ಉಸಿರನ್ನು ಪೂರ್ತಿ ಹೊರಬಿಡಿ. ಆಮೇಲೆ ಕಣ್ಣನ್ನು ಬೇಕಂತಲೇ ಸುತ್ತಿಸಿ: ಎಡಗಾಲಿನ ಕೆಳಗೆ, ಬಲಗಾಲಿನ ಕೆಳಗೆ, ಎರಡೂ ಪಕ್ಕ, ಮೇಲೆ. ಈ ಸುತ್ತನ್ನು ಹೆದರಿಕೆಯಿಲ್ಲದ ಜಾಗದಲ್ಲೇ ನೂರು ಸಲ ಮಾಡಿ ರೂಢಿಸಿಕೊಂಡಿರಬೇಕು. ಹೆದರಿದಾಗ ಹೊಸದೇನೂ ನೆನಪಾಗುವುದಿಲ್ಲ.

ಮನಸ್ಸಿನಲ್ಲೇ ಹತ್ತುವುದರಿಂದ ನಿಜವಾಗಿ ಉಪಯೋಗ ಇದೆಯಾ?

ಇದೆ. ಜೆಕ್ ಕ್ಲೈಂಬರ್ ಆಡಂ ಓಂಡ್ರಾ 2017ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಫ್ಲಾಟಾಂಗರ್ ಗುಹೆಯಲ್ಲಿ ‘ಸೈಲೆನ್ಸ್’ ಅನ್ನುವ ರೂಟ್ ಹತ್ತಿದರು. 9ಸಿ ಗ್ರೇಡ್ ಪಡೆದ ಮೊದಲ ರೂಟ್ ಅದು. ಅದಕ್ಕೆ ತಯಾರಾಗುವಾಗ ಅವರು ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಕೈಕಾಲು ಆಡಿಸುತ್ತಾ ಒಂದೊಂದೇ ಚಲನೆಯನ್ನು ಮನಸ್ಸಿನಲ್ಲಿ ಮಾಡುತ್ತಿದ್ದರು. ಅದೇ ವರ್ಷ ಜೂನ್ 3ರಂದು ಅಮೆರಿಕದ ಕ್ಲೈಂಬರ್ ಅಲೆಕ್ಸ್ ಹಾನಲ್ಡ್ ಅಲ್ಲಿನ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ಫ್ರೀರೈಡರ್ ರೂಟನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದರು. ಅದಕ್ಕೂ ಮೊದಲು ಕಷ್ಟದ ಭಾಗಗಳನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಚಲನೆಗಳನ್ನು ನೆನಪಿಗೆ ಇಳಿಸಿಕೊಂಡಿದ್ದರು. ಇಬ್ಬರೂ ಮನಸ್ಸಿನ ಚಿತ್ರವನ್ನು ಬಂಡೆಯ ಮೇಲಿನ ಕೆಲಸದ ಜೊತೆಗೆ ಇಟ್ಟುಕೊಂಡರು, ಅದರ ಬದಲಿಗೆ ಇಟ್ಟುಕೊಳ್ಳಲಿಲ್ಲ. ಇದನ್ನು ಗಮನಿಸಿ.

ಸರಿ, ಅದನ್ನು ಮಾಡುವುದು ಹೇಗೆ?

2001ರಲ್ಲಿ ಹೋಮ್ಸ್ ಮತ್ತು ಕಾಲಿನ್ಸ್ ಅನ್ನುವ ಇಬ್ಬರು ಕ್ರೀಡಾ ಮನೋವಿಜ್ಞಾನಿಗಳು ಇದಕ್ಕೊಂದು ಚೌಕಟ್ಟು ಕೊಟ್ಟರು. ಅದರ ತಿರುಳು ಸರಳ. ಮನಸ್ಸಿನ ಅಭ್ಯಾಸ ನಿಜವಾದ ಕೆಲಸಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಸೋಫಾದ ಮೇಲೆ ಒರಗಿ ಮಾಡುವುದಕ್ಕಿಂತ ಶೂ ಹಾಕಿಕೊಂಡು, ಕೈಗೆ ಚಾಕ್ ಹಚ್ಚಿಕೊಂಡು, ಗೋಡೆಯ ಎದುರೇ ನಿಂತು ಮಾಡಿ. ಹೋಲ್ಡಿನ ಒರಟು ಬೆರಳಿಗೆ ತಾಗಲಿ. ಸೊಂಟ ತಿರುಗುವುದು ಗೊತ್ತಾಗಲಿ. ಉಸಿರು ಎಲ್ಲಿ ಬಿಡುತ್ತೀರಿ ಅನ್ನುವುದೂ ಸೇರಲಿ.

ವೇಗವೂ ನಿಜವಾದದ್ದೇ ಇರಬೇಕು. ಇಲ್ಲಿ ಒಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಸ್ಟಾಪ್‌ವಾಚ್ ಒತ್ತಿ ಮನಸ್ಸಿನಲ್ಲಿ ರೂಟ್ ಹತ್ತಿ ಮುಗಿಸಿ. ಆಮೇಲೆ ನಿಜವಾಗಿ ಹತ್ತಿದ್ದಕ್ಕೆ ಎಷ್ಟು ಹೊತ್ತಾಯಿತು ನೋಡಿ. ಮನಸ್ಸಿನಲ್ಲಿ 40 ಸೆಕೆಂಡು, ಗೋಡೆಯಲ್ಲಿ ಎರಡು ನಿಮಿಷ ಅಂತಾದರೆ ಚಿತ್ರದಲ್ಲಿ ಏನೋ ಬಿಟ್ಟುಹೋಗಿದೆ. ಎಲ್ಲಿ ಚಿತ್ರ ಮಸುಕಾಗುತ್ತದೋ, ಎಲ್ಲಿ ‘ಹೇಗೋ ಮೇಲೆ ಹೋದೆ’ ಅಂತ ಹಾರಿಬಿಡುತ್ತೀರೋ, ಅಲ್ಲೇ ನಿಮಗೆ ಆ ಚಲನೆ ಗೊತ್ತಿಲ್ಲ. ಕಾಲು ಎಲ್ಲಿಡುತ್ತೇನೆ ಅನ್ನುವುದು ತಿಳಿದಿರುವುದಿಲ್ಲ, ಅಷ್ಟೇ. ಮತ್ತೆ ಹೋಗಿ ಅದನ್ನೇ ನೋಡಿ.

ನನ್ನನ್ನು ನಾನು ಹೊರಗಿನಿಂದ ನೋಡಬೇಕಾ, ನನ್ನ ಕಣ್ಣಿನಿಂದಲೇ ನೋಡಬೇಕಾ?

ಎರಡೂ ಉಪಯೋಗಕ್ಕೆ ಬರುತ್ತವೆ. ದೇಹದ ಆಕಾರ ಹೊಸದಾಗಿ ಕಲಿಯುವಾಗ ಹೊರಗಿನ ನೋಟ ಒಳ್ಳೆಯದು. ಹತ್ತುವ ಮೊದಲಿನ ಕೊನೆಯ ಸಲ ಮಾತ್ರ ನಿಮ್ಮ ಕಣ್ಣಿನಿಂದಲೇ ನೋಡಿ.

ನನಗೆ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ.

ಅಂಥವರು ಇದ್ದಾರೆ. ಹುಟ್ಟಿನಿಂದಲೇ ಹೀಗಿರುವುದಕ್ಕೆ 2015ರಲ್ಲಿ ‘ಅಫ್ಯಾಂಟೇಸಿಯಾ’ ಅನ್ನುವ ಹೆಸರೂ ಬಂತು. ಇದರಿಂದ ನೀವು ಹಿಂದೆ ಬೀಳಬೇಕಾಗಿಲ್ಲ. ಚಿತ್ರದ ಬದಲು ಸ್ಪರ್ಶ, ಲಯ, ಮಾತು ಇಟ್ಟುಕೊಳ್ಳಿ. ಗಾಳಿಯಲ್ಲಿ ಕೈಯಾಡಿಸುತ್ತಾ ಚಲನೆಗಳನ್ನು ಬಾಯಲ್ಲಿ ಹೇಳುವುದು ನಿಮಗೆ ಹೆಚ್ಚು ಒಗ್ಗಬಹುದು.

ಪ್ರತಿ ಸಲವೂ ಬೀಳುವ ಚಿತ್ರವೇ ಬರುತ್ತದೆ. ನಿಲ್ಲಿಸುವುದು ಹೇಗೆ?

ಬಲವಂತವಾಗಿ ತಳ್ಳಬೇಡಿ. ಬಿದ್ದ ಜಾಗಕ್ಕಿಂತ ಎರಡು ಚಲನೆ ಹಿಂದಕ್ಕೆ ಹೋಗಿ, ನಿಧಾನವಾಗಿ ಮತ್ತೆ ಓಡಿಸಿ. ಯಾವ ಕಾಲು ಜಾರಿತು ಅಂತ ನೋಡಿ, ಆ ಕಾಲನ್ನು ಸರಿಯಾಗಿ ಇಟ್ಟು ಮುಂದೆ ಸಾಗಿ. ಆಗಲೂ ಬೀಳುತ್ತಲೇ ಇದ್ದರೆ ಆ ಎರಡು ಚಲನೆಗಳನ್ನು ಗೋಡೆಯ ಮೇಲೆ ಬೇರೆಯಾಗಿ ಅಭ್ಯಾಸ ಮಾಡಿ. ಒಂದು ಸಲ ಕೈಗೆ ಬಂದರೆ ಚಿತ್ರವೂ ಬದಲಾಗುತ್ತದೆ.

ವಿಡಿಯೋ ನೋಡಿ ಕಲಿಯಬಹುದಾ?

ಖಂಡಿತ. ನಿಮ್ಮದೇ ವಿಡಿಯೋ ಆದರೆ, ಪ್ಲೇ ಒತ್ತುವ ಮೊದಲು ‘ನಾನು ಎಲ್ಲಿ ತಪ್ಪಿದೆ’ ಅಂತ ಬರೆದುಕೊಳ್ಳಿ. ಆಮೇಲೆ ನೋಡಿ. ಅನ್ನಿಸಿದ್ದಕ್ಕೂ ಆದದ್ದಕ್ಕೂ ನಡುವಿನ ಅಂತರವೇ ಇಲ್ಲಿ ಗುರು. ಫೋನನ್ನು ಹಿಂದೆ ಇಟ್ಟರೆ ಕೈಕಾಲು ಕಾಣುತ್ತದೆ, ಪಕ್ಕದಲ್ಲಿ ಇಟ್ಟರೆ ಸೊಂಟ ಗೋಡೆಯಿಂದ ಎಷ್ಟು ದೂರ ಇದೆ ಅಂತ ಕಾಣುತ್ತದೆ. ನನ್ನ ಮಟ್ಟಿಗೆ ಪಕ್ಕದ ನೋಟವೇ ಹೆಚ್ಚು ಕಲಿಸಿದೆ.

ಬೇರೆಯವರ ವಿಡಿಯೋ ಆದರೆ ನಿಮ್ಮಷ್ಟೇ ಎತ್ತರದವರನ್ನು ಹುಡುಕಿ. ಮತ್ತೆ, ಮೊದಲು ನೀವೇ ಓದಿ, ನಿಮ್ಮ ಬೀಟಾ (ಹೇಗೆ ಹತ್ತಬೇಕು ಅನ್ನುವ ಯೋಜನೆ) ತೀರ್ಮಾನಿಸಿ, ಆಮೇಲೆ ನೋಡಿ. ಮೊದಲೇ ನೋಡಿಬಿಟ್ಟರೆ ಓದುವ ಕೆಲಸ ಬೇರೆಯವರು ಮಾಡಿದಂತಾಯಿತು. ಆನ್‌ಸೈಟ್, ಅಂದರೆ ಯಾರ ಸುಳಿವೂ ಇಲ್ಲದೆ ಮೊದಲ ಪ್ರಯತ್ನದಲ್ಲೇ ಹತ್ತುವ ಅವಕಾಶವೂ ಒಂದು ರೂಟಿಗೆ ಒಂದೇ ಸಲ ಸಿಗುವುದು.

ಕಣ್ಣು ಕಟ್ಟಿಕೊಂಡು ಹತ್ತುವುದು ಒಳ್ಳೆಯದಾ?

ಒಳ್ಳೆಯದು, ಆದರೆ ಟಾಪ್ ರೋಪ್‌ನಲ್ಲಿ (ಹಗ್ಗ ಮೊದಲೇ ಮೇಲಿನಿಂದ ಇಳಿಬಿದ್ದಿರುವ ಬಗೆ) ಮಾತ್ರ, ದೊಡ್ಡ ಹೋಲ್ಡುಗಳ ಸುಲಭ ರೂಟಿನಲ್ಲಿ, ಗಮನವಿಟ್ಟು ಬಿಲೇ ಮಾಡುವವರ, ಅಂದರೆ ಕೆಳಗಿನಿಂದ ಹಗ್ಗ ಹಿಡಿದು ಕಾಯುವವರ, ಜೊತೆ. ಲೀಡ್‌ನಲ್ಲೂ ಬೌಲ್ಡರಿಂಗ್‌ನಲ್ಲೂ ಬೇಡ. ನೋಟ ಇಲ್ಲದಾಗ ತೂಕ ಯಾವ ಕಾಲಿನ ಮೇಲಿದೆ ಅನ್ನುವುದು ತಟ್ಟನೆ ತಿಳಿಯುತ್ತದೆ. ಓದಿದ್ದು ಎಷ್ಟು ಉಳಿದಿದೆ ಅನ್ನುವುದೂ ಬಯಲಾಗುತ್ತದೆ.

ದೃಷ್ಟಿ ಇಲ್ಲದವರು ಮತ್ತು ಮಂದ ದೃಷ್ಟಿಯವರು ಪ್ಯಾರಾಕ್ಲೈಂಬಿಂಗ್‌ನ ಬಿ1, ಬಿ2, ಬಿ3 ವಿಭಾಗಗಳಲ್ಲಿ ವಿಶ್ವಮಟ್ಟದಲ್ಲಿ ಸ್ಪರ್ಧಿಸುತ್ತಾರೆ. ಕೆಳಗಿನಿಂದ ಒಬ್ಬ ಮಾರ್ಗದರ್ಶಿ ಮುಂದಿನ ಹೋಲ್ಡ್ ಯಾವ ದಿಕ್ಕಿಗೆ, ಎಷ್ಟು ದೂರ ಅಂತ ಹೇಳುತ್ತಾ ಹೋಗುತ್ತಾರೆ. ಅವಕಾಶ ಸಿಕ್ಕರೆ ಗೆಳೆಯರ ಜೊತೆ ಆ ಮಾರ್ಗದರ್ಶಿಯ ಕೆಲಸ ಮಾಡಿ ನೋಡಿ. ಇನ್ನೊಬ್ಬರ ದೇಹಕ್ಕೆ ರೂಟನ್ನು ಮಾತಿನಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಓದುವುದು ಎಷ್ಟು ಕಷ್ಟ ಅಂತ ತಿಳಿಯುತ್ತದೆ.

ನೋಟವನ್ನು ಕ್ಷಣ ಮುಚ್ಚಿ ಕ್ಷಣ ತೆರೆಯುವ ಮಿನುಗು ಕನ್ನಡಕ, ಕಣ್ಣಿನ ತರಬೇತಿಯ ಆ್ಯಪ್, ಇವು ಬೇಕಾ?

ಬೇಡ ಅನ್ನುತ್ತೇನೆ. ಪರದೆಯ ಮೇಲೆ ಚುಕ್ಕೆ ಹಿಡಿಯುವುದರಲ್ಲಿ ಜಾಣರಾದರೆ ಚುಕ್ಕೆ ಹಿಡಿಯುವುದರಲ್ಲಿ ಜಾಣರಾಗುತ್ತೀರಿ. ಆ ಸಮಯದಲ್ಲಿ ಐದು ರೂಟ್ ಓದಬಹುದು.

ಸ್ಪೀಡ್ ಕ್ಲೈಂಬಿಂಗ್‌ಗೂ ಇದೆಲ್ಲಾ ಅನ್ವಯಿಸುತ್ತದಾ?

ಓದುವ ಭಾಗ ಅಷ್ಟಾಗಿ ಇಲ್ಲ. 15 ಮೀಟರ್ ಎತ್ತರ, 5 ಡಿಗ್ರಿ ಮುಂದಕ್ಕೆ ವಾಲಿದ ಗೋಡೆ, ಎಲ್ಲಾ ಕಡೆ ಒಂದೇ ರೂಟ್. ಅಲ್ಲಿ ಮನಸ್ಸಿನಲ್ಲಿ ಹತ್ತುವುದು ಲಯಕ್ಕಾಗಿ. ಗಂಡಸರ ದಾಖಲೆ 5 ಸೆಕೆಂಡಿಗಿಂತ ಕೆಳಗಿದೆ, ನಡುವೆ ಯೋಚಿಸಲು ಸಮಯವೇ ಇಲ್ಲ.

ಬಣ್ಣಗಳ ವ್ಯತ್ಯಾಸ ನನಗೆ ಸರಿಯಾಗಿ ತಿಳಿಯುವುದಿಲ್ಲ. ಜಿಮ್‌ನಲ್ಲಿ ರೂಟ್ ಗುರುತಿಸುವುದೇ ಕಷ್ಟ.

ಕೆಂಪು–ಹಸಿರು ಗೊಂದಲ ಇರುವವರು, ಅದರಲ್ಲೂ ಗಂಡಸರು, ಸಾಕಷ್ಟು ಜನ ಇದ್ದಾರೆ. ಸಂಕೋಚ ಬೇಡ. ಒಂದೇ ರೂಟಿಗೆ ಸಾಮಾನ್ಯವಾಗಿ ಒಂದೇ ಬಗೆಯ ಹೋಲ್ಡ್ ಬಳಸಿರುತ್ತಾರೆ. ಆಕಾರ ಮತ್ತು ಮೈಯ ಒರಟಿನಿಂದ ಗುರುತಿಸಲು ಕಲಿಯಿರಿ. ಹತ್ತುವ ಮೊದಲು ಜೊತೆಗಾರರಿಂದ ಇಡೀ ರೂಟನ್ನು ಒಮ್ಮೆ ಬೆರಳಿಟ್ಟು ತೋರಿಸಿಕೊಳ್ಳಿ. ಬಣ್ಣ ಆರಿಸುವವರಿಗೂ ಹೇಳಿ, ಪಕ್ಕಪಕ್ಕದ ರೂಟುಗಳಿಗೆ ಈ ಎರಡು ಬಣ್ಣ ಹಾಕದಿರುವುದು ಅವರಿಗೆ ದೊಡ್ಡ ಕೆಲಸವೇನಲ್ಲ.

ನಿಜವಾದ ಬಂಡೆಯಲ್ಲಿ ಓದುವುದು ಬೇರೆಯೇ?

ಬಹಳ ಬೇರೆ. ಅಲ್ಲಿ ಬಣ್ಣದ ಹೋಲ್ಡ್ ಇಲ್ಲ, ನೆರಳೇ ಅಕ್ಷರ. ಬೆಳಗ್ಗೆ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸಣ್ಣ ಅಂಚುಗಳೂ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ಬಂಡೆ ಸಪಾಟಾಗಿ ಕಾಣಬಹುದು. ಚಾಕ್ ಗುರುತನ್ನು ಮಾತ್ರ ನಂಬಿ ಹೋಗಬೇಡಿ, ಸೋತವರೂ ಗುರುತು ಬಿಟ್ಟಿರುತ್ತಾರೆ. ಕಾಲಿಡುವ ಜಾಗಕ್ಕೆ ನೀವೇ ಚಾಕ್ ಗೆರೆ ಎಳೆದಿದ್ದರೆ ಇಳಿದ ಮೇಲೆ ಒರೆಸಿ.

ವಾರಕ್ಕೆ ಎಷ್ಟು ಅಭ್ಯಾಸ ಬೇಕು?

ಬೇರೆ ಸಮಯ ತೆಗೆಯಬೇಕಾಗಿಲ್ಲ. ಮೈ ಬಿಸಿ ಮಾಡಿಕೊಳ್ಳುವಾಗ ಹತ್ತು ನಿಮಿಷ ಸದ್ದಿಲ್ಲದ ಕಾಲು. ಪ್ರತಿ ಸಲ ಹೋದಾಗ ಮೂರು ಹೊಸ ರೂಟುಗಳನ್ನು ಮಾತ್ರ ಬರೆದು ಓದಿ, ಹತ್ತಿ, ತಾಳೆ ನೋಡಿ. ಕಷ್ಟದ ರೂಟಿಗೆ ಎರಡು ಪ್ರಯತ್ನಗಳ ನಡುವೆ ಹೇಗೂ ವಿಶ್ರಾಂತಿ ಬೇಕು, ಆಗ ಒಂದು ಸಲ ಮನಸ್ಸಿನಲ್ಲಿ ಹತ್ತಿ. ಎರಡು ತಿಂಗಳಾದ ಮೇಲೆ ನೋಟ್‌ಬುಕ್ ತೆರೆದು ಒಂದೇ ಬಗೆಯ ತಪ್ಪು ಎಷ್ಟು ಸಲ ಬಂದಿದೆ ಅಂತ ಎಣಿಸಿ.

ಬೆರಳಿಗೆ ಪೆಟ್ಟಾಗಿ ಹತ್ತುವಂತಿಲ್ಲ. ಆಗಲೂ ಮಾಡಬಹುದಾ?

ಆಗ ಇನ್ನೂ ಚೆನ್ನಾಗಿ ಮಾಡಬಹುದು. ಜಿಮ್‌ಗೆ ಹೋಗಿ ಕೆಳಗೆ ಕೂತು, ಜೊತೆಯವರು ಹತ್ತಲಿರುವ ರೂಟ್ ಓದಿ. ಅವರು ಎಲ್ಲಿ ನಿಲ್ಲುತ್ತಾರೆ, ಯಾವ ಕಾಲು ಮರೆಯುತ್ತಾರೆ ಅಂತ ಮೊದಲೇ ಬರೆದಿಡಿ. ಅವರು ಹತ್ತುವಾಗ ತಾಳೆ ನೋಡಿ. ಅವರು ಕೇಳಿದರೆ ಮಾತ್ರ ಹೇಳಿ.